ತೂಬಿನ ಕಂಬಕ್ಕೆ ಬೋಟು ಕಟ್ಟಿದ್ದು

ಹಿಂದೂಪುರದಲ್ಲಿ ಆರು ವರ್ಷ ಸ್ಕೂಲ್ ವ್ಯಾನು ಓಡಿಸಿದವಳು ನಾನು. ಮಾರ್ಕೆಟ್ಟಿನ ಹಿಂದಿನ ಸಂದಿಯಲ್ಲಿ ಎದುರಿಗೆ ಈರುಳ್ಳಿ ಲಾರಿ ಬಂದು ನಿಂತರೆ, ಒಳಗೆ ಇಪ್ಪತ್ತು ಮಕ್ಕಳು ಕಿರುಚುತ್ತಿದ್ದರೂ, ಎರಡೂ ಪಕ್ಕ ಒಂದೊಂದು ಗೇಣು ಬಿಟ್ಟು ವ್ಯಾನನ್ನು ಹಿಂದಕ್ಕೆ ತೆಗೆದಿದ್ದೇನೆ. ಲಾರಿ ಡ್ರೈವರುಗಳು ಇಳಿದು ನಿಂತು ನೋಡಿದ್ದುಂಟು. ಹಾಗಾಗಿ ಸ್ಟೇರಿಂಗ್ ವಿಷಯದಲ್ಲಿ ನನಗೆ ಸ್ವಲ್ಪ ಕೊಬ್ಬಿತ್ತು. ಅದು ಕರಗಿದ್ದು ಕಲ್ಯಾಣದುರ್ಗದ ಆಚೆ, ನಮ್ಮ ತವರೂರಿನ ಕೆರೆಯಲ್ಲಿ, ಬ್ರೇಕೇ ಇಲ್ಲದ ಒಂದು ಬೋಟಿನ ಮೇಲೆ.

ತವರಿಗೆ ನಾನು ಬೋಟು ಕಲಿಯಲು ಹೋದವಳಲ್ಲ. ಅಪ್ಪನಿಗೆ ಮೊಣಕಾಲಿನ ಆಪರೇಷನ್ ಆಗಿತ್ತು. ಅಣ್ಣ ಅತ್ತಿಗೆ ಕಡಲೆಕಾಯಿ ಕೀಳುವ ಗಡಿಬಿಡಿಯಲ್ಲಿದ್ದರು. ನಮ್ಮ ಸ್ಕೂಲಿನವರು ದೊಡ್ಡ ಬಸ್ಸು ತಂದು ನನ್ನ ವ್ಯಾನನ್ನು ಮಾರಿದ್ದರಿಂದ ನಾನು ಮನೆಯಲ್ಲಿ ಗೋಡೆ ನೋಡುತ್ತ ಕೂತಿದ್ದೆ. ಗಂಡನಿಗೆ ಅಡುಗೆ ಬರುತ್ತದೆ. ನನಗಿಂತ ಚೆನ್ನಾಗಿಯೇ ಬರುತ್ತದೆ. "ಇದ್ದು ಬಾ, ನಂದೇನೂ ಯೋಚ್ನೆ ಮಾಡ್ಬ್ಯಾಡ" ಅಂದರು. ಅವರು ಅಷ್ಟು ಬೇಗ ಒಪ್ಪಿದ್ದಕ್ಕೆ ಸ್ವಲ್ಪ ಸಿಟ್ಟು ಮಾಡಿಕೊಂಡೇ ಬಸ್ಸು ಹತ್ತಿದೆ.

ಅಪ್ಪ ನಮ್ಮೂರಿನ ನೀರುಗಂಟಿ. ಕೆರೆಯ ನೀರನ್ನು ಯಾವ ಗದ್ದೆಗೆ ಎಷ್ಟು ಹೊತ್ತು ಬಿಡಬೇಕೆಂದು ನೋಡಿಕೊಳ್ಳುವ ಕೆಲಸ ನಮ್ಮ ಮನೆತನದ್ದು. ನಮ್ಮ ಕೆರೆಯ ತೂಬು ಹಳೆಯ ಕಾಲದ್ದು. ಏರಿಯಿಂದ ಮೂವತ್ತು ನಲವತ್ತು ಅಡಿ ಒಳಗೆ, ನೀರಿನಲ್ಲಿ, ಎರಡು ಕಲ್ಲಿನ ಕಂಬಗಳು ನಿಂತಿವೆ. ಅವುಗಳ ನಡುವಿನ ಚಪ್ಪಡಿಯಲ್ಲಿ ಒಂದು ತೂತು, ತೂತಿನಲ್ಲಿ ಕಬ್ಬಿಣದ ಸರಳು, ಸರಳಿನ ತುದಿಗೆ ಕೆರೆಯ ತಳದಲ್ಲಿ ಮರದ ಬಿರಡೆ. ಸರಳನ್ನು ಮೇಲಕ್ಕೆತ್ತಿ ಗೂಟ ಸಿಕ್ಕಿಸಿದರೆ ನೀರು ಏರಿಯ ಅಡಿಯಿಂದ ಹಾದು ಆಚೆಯ ಕಾಲುವೆಗೆ ಬೀಳುತ್ತದೆ. ಕೆರೆ ತುಂಬಿದಾಗ ಅಲ್ಲಿಗೆ ಈಜಿಕೊಂಡೇ ಹೋಗಬೇಕು. ನಲವತ್ತು ವರ್ಷ ಅಪ್ಪ ಹಾಗೇ ಹೋಗಿದ್ದಾನೆ. ವರ್ಷದಲ್ಲಿ ಮೊದಲ ಸಲ ತೂಬು ಎತ್ತುವಾಗ ಗಂಗಮ್ಮನಿಗೆ ಪೂಜೆ ಮಾಡಿ ನೀರುಗಂಟಿಯ ಕೈಯೇ ಸರಳಿಗೆ ಬೀಳಬೇಕು, ಬೇರೆಯವರು ಸಹಾಯಕ್ಕೂ ಮುಟ್ಟಬಾರದು ಎನ್ನುವುದು ಊರಿನ ಪದ್ಧತಿ.

ಆ ವರ್ಷ ಕೆರೆ ತುಂಬಿ ಕೋಡಿ ಹರಿದಿತ್ತು. ಸಂಕ್ರಾಂತಿ ಕಳೆದ ಮೇಲೆ ಭತ್ತಕ್ಕೆ ನೀರು ಬಿಡುವುದೆಂದು ತೀರ್ಮಾನವಾಗಿತ್ತು. ಡಾಕ್ಟರು ಅಪ್ಪನಿಗೆ ಈಜಲೇಬಾರದು ಅಂದಿದ್ದರು. ನೀರುಗಂಟಿತನವನ್ನು ಈ ಸಲ ಮಗನಿಗೆ ವಹಿಸಿಬಿಡು ಎಂದು ಹಿರಿಯರು ಹೇಳಿದರು. ಅಣ್ಣನಿಗೆ ಈಜು ಬರುತ್ತದೆ, ಅವನಿಗೆ ತಕರಾರಿರಲಿಲ್ಲ. ಅಪ್ಪ ಒಪ್ಪಲಿಲ್ಲ.

"ಯಾಕಪ್ಪ ಹಟ ಮಾಡ್ತೀಯ?" ಎಂದು ಕೇಳಿದೆ.

"ಈ ಸಲ ನಾನೇ ಎತ್ತಬೇಕು ಕಣಮ್ಮ. ಅಷ್ಟೇಯ."

ಮೀನು ಹಿಡಿಯುವವರ ಹರಿಗೋಲಿನಲ್ಲಿ ಹೋಗಿ ನೋಡಿದ್ದೂ ಆಯಿತು. ಕಂಬದ ಹತ್ತಿರ ಅಪ್ಪ ಎದ್ದು ನಿಂತು ಸರಳಿಗೆ ಕೈ ಚಾಚಿದ್ದೇ ತಡ, ಹರಿಗೋಲು ಗಿರ್ರನೆ ತಿರುಗಿತು. ಅಪ್ಪ ಕುಕ್ಕರಿಸಿ ಬಿದ್ದು, ಹೊಸ ಮೊಣಕಾಲು ಹಿಡಿದುಕೊಂಡು, ಏರಿಗೆ ಬರುವವರೆಗೂ ಹಲ್ಲು ಕಚ್ಚಿಕೊಂಡಿದ್ದ. ಹರಿಗೋಲಿನ ಆಸೆ ಅಲ್ಲಿಗೇ ಮುಗಿಯಿತು. ನನಗೆ ಅವನ ಮೇಲೆ ಸಿಟ್ಟೂ ಬಂತು, ಪಾಪ ಅಂತಲೂ ಅನ್ನಿಸಿತು.

ಇಂಥ ಹೊತ್ತಿನಲ್ಲಿ ಬೋಟು ಬಂತು. ಏರಿಯ ಇನ್ನೊಂದು ತುದಿಯಲ್ಲಿ ಮಾವಿನ ತೋಟವಿರುವ ಒಬ್ಬರು ನಾಲ್ಕು ರೂಮು ಕಟ್ಟಿ ಪೇಟೆಯಿಂದ ಬರುವವರಿಗೆ ಬಾಡಿಗೆಗೆ ಕೊಡುತ್ತಿದ್ದರು. ಕೆರೆ ತುಂಬಿದ್ದು ನೋಡಿ ಹುರುಪು ಹೆಚ್ಚಾಗಿ ಎಲ್ಲಿಂದಲೋ ಸೆಕೆಂಡ್ ಹ್ಯಾಂಡ್ ಬೋಟು ತರಿಸಿದರು. ಅದರ ಇಂಜಿನು ಹಿಂದುಗಡೆ ನೇತಾಡುವುದಲ್ಲ, ಹೊಟ್ಟೆಯೊಳಗೆ ಕೂತಿರುವಂಥದ್ದು. ಮೇಲೆ ಲೋಹದ ಕಮಾನು. ಕಮಾನಿಗೆ ಕಟ್ಟಿದ ಹಗ್ಗದ ತುದಿ ಹಿಡಿದು, ಕಾಲಿಗೆ ಹಲಗೆ ಕಟ್ಟಿಕೊಂಡವರು ಬೋಟಿನ ಹಿಂದೆ ಏಳುವ ಅಲೆಯ ಮೇಲೆ ಜಾರುತ್ತಾರೆ, ಎಗರುತ್ತಾರೆ, ಬೀಳುತ್ತಾರೆ. ಬಿದ್ದವರನ್ನು ಸುತ್ತಿ ಹೋಗಿ ಎತ್ತಿಕೊಂಡು ಬರಬೇಕು. ಇದರಲ್ಲಿ ಸುಖ ಏನು ಎಂದು ನಮ್ಮೂರಿನ ಟೀ ಅಂಗಡಿಯಲ್ಲಿ ಒಂದು ವಾರ ಚರ್ಚೆ ನಡೆಯಿತು.

ಬೋಟು ಓಡಿಸುವುದನ್ನು ಇಲ್ಲಿಯವರಿಗೆ ಕಲಿಸಿ ಹೋಗಲೆಂದು ಉಡುಪಿ ಕಡೆಯ ಒಬ್ಬರು ಬಂದಿದ್ದರು. ಐವತ್ತು ದಾಟಿದವರು, ಸಮುದ್ರದಲ್ಲಿ ಬೆಳೆದವರು. ನಾವೆಲ್ಲ ಅವರನ್ನು ಮೇಷ್ಟ್ರು ಅನ್ನುತ್ತಿದ್ದೆವು. ತೋಟದ ಟ್ರಾಕ್ಟರ್ ಡ್ರೈವರು ಎರಡೇ ದಿನಕ್ಕೆ ಅವರಿಗೆ ಕೈಮುಗಿದು ಹೊಲಕ್ಕೆ ವಾಪಸಾಗಿದ್ದ. ನೀರುಗಂಟಿಯ ಮಗಳು ವ್ಯಾನು ಓಡಿಸುತ್ತಾಳೆ ಎಂದು ಯಾರೋ ತೋಟದ ಮಾಲೀಕರಿಗೆ ಹೇಳಿದರು. ಅವರು ಮನೆಗೇ ಹೇಳಿ ಕಳಿಸಿದರು. ನಾನು ಯೋಚಿಸುತ್ತಿರುವಾಗ, ಅಪ್ಪ ಮಂಚದ ಮೇಲೆ ಎದ್ದು ಕೂತ.

"ಆ ಬೋಟು ಎಷ್ಟು ಅಗಲ ಐತೆ ನೋಡಿದ್ಯಾ? ನಡುವೆ ನಿಂತ್ರೆ ಅಲ್ಲಾಡಾಕಿಲ್ಲ. ನೀನು ಕಲ್ತ್ಕ. ನನ್ನ ತೂಬಿನ ತಾವ ಬಿಡು."

ಮಾರನೇ ದಿನವೇ ಹೋದೆ. ಸ್ಟೇರಿಂಗು ಬಲಗಡೆಯೇ ಇತ್ತು, ನಮ್ಮ ವ್ಯಾನಿನ ಹಾಗೆ. ಬಲಗೈ ಪಕ್ಕದಲ್ಲಿ ಒಂದು ಹಿಡಿ. ಮುಂದಕ್ಕೆ ತಳ್ಳಿದರೆ ಬೋಟು ಮುಂದಕ್ಕೆ, ಹಿಂದಕ್ಕೆ ಎಳೆದರೆ ರಿವರ್ಸು, ನಡುವೆ ನಿಲ್ಲಿಸಿದರೆ ನ್ಯೂಟ್ರಲ್. ಇಷ್ಟೇನಾ ಅಂದುಕೊಂಡೆ. ಕೆರೆಯ ನಡುವೆ ಅದು ಎಷ್ಟು ಚೆನ್ನಾಗಿ ಹೋಯಿತೆಂದರೆ ನನಗೆ ನಗು ತಡೆಯಲಾಗಲಿಲ್ಲ. ಹುಟ್ಟಿದಾಗಿನಿಂದ ಏರಿಯ ಮೇಲೆ ನಿಂತು ನೋಡಿದ ಕೆರೆ. ಅದರ ನಡುವಿನಿಂದ ನಮ್ಮೂರು ಹೇಗೆ ಕಾಣುತ್ತದೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ನೀರಿನ ಟ್ಯಾಂಕು, ಎರಡು ಬೇವಿನ ಮರ, ಅಷ್ಟೇ ಕಾಣುತ್ತಿತ್ತು.

ಪೀಕಲಾಟ ಶುರುವಾಗಿದ್ದು ವಾಪಸು ಬಂದು ನಿಲ್ಲಿಸುವಾಗ. ಮಾಲೀಕರು ನೀರಿನೊಳಕ್ಕೆ ಒಂದು ಸಿಮೆಂಟ್ ಕಟ್ಟೆ ಕಟ್ಟಿಸಿ, ಅದರ ಅಂಚಿಗೆ ಹಳೆಯ ಟಯರು ನೇತು ಹಾಕಿದ್ದರು. ಕಟ್ಟೆ ಹತ್ತಿರವಾಯಿತು. ನನ್ನ ಬಲಗಾಲು ಬ್ರೇಕು ಒತ್ತಿತು. ಅಲ್ಲಿ ಬ್ರೇಕು ಎಲ್ಲಿಂದ ಬರಬೇಕು? ಬರೀ ನೆಲ. ಇನ್ನೂ ಜೋರಾಗಿ ಒತ್ತಿದೆ. ಬೋಟಿನ ಮೂತಿ ಹೋಗಿ ಟಯರಿಗೆ ಗುದ್ದಿತು. ಮೇಷ್ಟ್ರ ಕೈಯಲ್ಲಿದ್ದ ಟೀ ಅವರ ಶರ್ಟಿನ ಮೇಲೆ ಚೆಲ್ಲಿತು.

"ಎಂತ ಮಾರಾಯ್ರೆ, ಕಾಲಲ್ಲಿ ಎಂತ ಹುಡುಕ್ತಾ ಇದ್ದೀರಿ?"

"ಬ್ರೇಕು ಮೇಷ್ಟ್ರೆ."

"ಅದು ಬಸ್ ಸ್ಟ್ಯಾಂಡಲ್ಲಿ ಸಿಗ್ತದೆ. ಇಲ್ಲಿ ನಿಲ್ಲಿಸ್ಬೇಕಾದ್ರೆ ರಿವರ್ಸ್ ಕೊಡ್ಬೇಕು."

ರಿವರ್ಸು ತಾನೇ, ಅದರಲ್ಲಿ ನಾನು ಗಟ್ಟಿ ಎಂದುಕೊಂಡು ಎರಡನೇ ಸಲ ಬಂದೆ. ಹಿಂದಕ್ಕೆ ತಿರುಗಿ ನೋಡುತ್ತ, ಸೀಟಿನ ಮೇಲೆ ಎಡಗೈ ಹಾಕಿ, ವ್ಯಾನಿನಲ್ಲಿ ಮಾಡುವಂತೆಯೇ ಸ್ಟೇರಿಂಗ್ ಎಡಕ್ಕೆ ತಿರುಗಿಸಿ ಹಿಡಿ ಎಳೆದೆ. ಬೋಟಿನ ಹಿಂಬದಿ ಬಲಕ್ಕೆ ಹೋಯಿತು. ತಪ್ಪಾಯಿತೇನೋ ಎಂದು ಬಲಕ್ಕೆ ತಿರುಗಿಸಿದೆ. ಆಗಲೂ ಬಲಕ್ಕೇ ಹೋಯಿತು. ನೆಟ್ಟಗೆ ಹಿಡಿದೆ. ಬಲಕ್ಕೇ! ನಾನು ಏನು ಹೇಳಿದರೂ ಕೇಳದೆ ತನ್ನದೇ ದಾರಿ ಹಿಡಿಯುವ ಎತ್ತನ್ನು ಗಾಡಿಗೆ ಕಟ್ಟಿದಂತಾಯಿತು. ಮೇಷ್ಟ್ರು ಕೂತು ಶರ್ಟು ಹಿಂಡುತ್ತಿದ್ದರು.

"ಇದು ಕೆಟ್ಟೋಗಿದೆ ಮೇಷ್ಟ್ರೆ," ಅಂದೆ.

"ಕೆಟ್ಟಿಲ್ಲ. ರಿವರ್ಸಲ್ಲಿ ಇದಕ್ಕೆ ಸ್ಟೇರಿಂಗ್ ಇಲ್ಲ. ಬಲಕ್ಕೇ ಹೋಗುದು."

"ಯಾಕೆ?"

"ನೀರು ತಳ್ಳುವ ಫ್ಯಾನು ಉಂಟಲ್ಲ ಅಡಿಯಲ್ಲಿ, ಅದು ಹಾಗೆ ತಿರುಗ್ತದೆ, ಹಾಗಾಗಿ."

"ಫ್ಯಾನು ಹಂಗೆ ತಿರುಗಿದ್ರೆ ಬೋಟು ಯಾಕೆ ಬಲಕ್ಕೇ ಹೋಗ್ಬೇಕು?"

ಮೇಷ್ಟ್ರು ನನ್ನನ್ನು ದಿಟ್ಟಿಸಿ ನೋಡಿದರು. ಮೂವತ್ತು ವರ್ಷದಿಂದ ಬೋಟು ಓಡಿಸುತ್ತಿದ್ದ ಅವರನ್ನು ಇದನ್ನು ಯಾರೂ ಕೇಳಿರಲಿಲ್ಲವಂತೆ. ಅವರಿಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ನೇರವಾಗಿ ಒಪ್ಪಿಕೊಂಡಿದ್ದಕ್ಕೆ ಅವರ ಮೇಲೆ ನನಗೆ ಅವತ್ತೇ ಗೌರವ ಹುಟ್ಟಿತು.

ಆ ಪ್ರಶ್ನೆ ಮಾತ್ರ ನನ್ನ ತಲೆಯಿಂದ ಇಳಿಯಲಿಲ್ಲ. ಬೋಟನ್ನು ಟ್ರೈಲರಿನ ಮೇಲೆ ದಡಕ್ಕೆ ತಂದಾಗ ಅದರ ಕೆಳಗೆ ನುಗ್ಗಿ ಅಂಗಾತ ಮಲಗಿದೆ. ಹೊಟ್ಟೆಯಿಂದ ಓರೆಯಾಗಿ ಇಳಿದ ಒಂದು ಕಂಬಿ, ಅದರ ತುದಿಗೆ ಫ್ಯಾನು. ಫ್ಯಾನಿನ ಹಿಂದೆ ಬಾಗಿಲಿನಂಥ ಒಂದು ತಗಡು. ಸ್ಟೇರಿಂಗ್ ತಿರುಗಿಸಿದರೆ ತಿರುಗುವುದು ಆ ತಗಡು ಮಾತ್ರ, ಫ್ಯಾನಲ್ಲ. ಮುಂದಕ್ಕೆ ಹೋಗುವಾಗ ಫ್ಯಾನು ತಳ್ಳಿದ ನೀರು ತಗಡಿಗೆ ಬಡಿಯುತ್ತದೆ, ಅದಕ್ಕೇ ಬೋಟು ತಿರುಗುತ್ತದೆ. ರಿವರ್ಸಿನಲ್ಲಿ ನೀರು ಮೂತಿಯ ಕಡೆಗೆ ಹೋಗುತ್ತದೆ, ತಗಡಿಗೆ ಬಡಿಯಲು ಏನೂ ಇಲ್ಲ. ಅಷ್ಟು ಅರ್ಥವಾಯಿತು. ಆದರೆ ಬಲಕ್ಕೇ ಯಾಕೆ?

ಮನೆಗೆ ಬಂದು ದೊಡ್ಡ ಪಾತ್ರೆಯಲ್ಲಿ ನೀರು ತುಂಬಿ, ಒಂದು ಬಟ್ಟಲು ತೇಲಿಬಿಟ್ಟು, ಬಟ್ಟಲಿನ ಅಂಚಿಗೆ ಆನಿಸಿಕೊಂಡು ಮಜ್ಜಿಗೆ ಕಡೆಗೋಲು ಆಡಿಸಿ ನೋಡಿದೆ. ಅಡ್ಡ ಹಿಡಿದು ಉರುಳಿಸಿದಾಗ ಕಡೆಗೋಲಿನ ಕೆಳಗಿನ ಹಲ್ಲುಗಳು ನೀರನ್ನು ಗಟ್ಟಿಯಾಗಿ ಹಿಡಿದವು, ಮೇಲಿನವು ಬರೀ ನೊರೆ ಎಬ್ಬಿಸಿದವು. ನೆಲದ ಮೇಲೆ ಚಕ್ರ ಉರುಳಿದ ಹಾಗೆ ಕಡೆಗೋಲು ಒಂದು ಪಕ್ಕಕ್ಕೆ ಹೋಗಲು ನೋಡಿತು, ಜೊತೆಗೆ ಬಟ್ಟಲೂ ಹೋಯಿತು. ಹಾಗಾದರೆ ಇದೇ ಇರಬೇಕು: ಫ್ಯಾನು ನೀರಿನ ಮೇಲೆ ಉರುಳುತ್ತಿದೆ! ನನ್ನ ಲೆಕ್ಕ ಸರಿಯೋ ತಪ್ಪೋ ಇವತ್ತಿಗೂ ಗೊತ್ತಿಲ್ಲ. ಅತ್ತಿಗೆ ಅಡುಗೆಮನೆಯ ನೆಲ ನೋಡಿ, "ಈಯಮ್ಮನಿಗೆ ಬೋಟು ಹಿಡಿದೈತೆ" ಎಂದು ಗೊಣಗಿದಳು. ಅಪ್ಪ ಮಂಚದ ಮೇಲಿಂದ ಬಗ್ಗಿ ನೋಡುತ್ತಿದ್ದ.

"ಇನ್ನೊಂದ್ಸಲ ತಿರುಗ್ಸು," ಅಂದ. ತಿರುಗಿಸಿದೆ. "ಬಲಕ್ಕೇ ಹೋಯ್ತದೆ ಅಂದ್ರೆ, ಬಲಗಡೆಗೇ ಕಂಬ ಬರೋ ಹಂಗೆ ಹೋಗು. ಅದು ಹೋಗೋ ಕಡೆಗೇ ನಿನ್ನ ಕೆಲ್ಸ ಇಟ್ಕ."

ಅಪ್ಪ ಬೋಟಿನ ಮೇಲೆ ಒಂದು ಸಲವೂ ಕೂತಿರಲಿಲ್ಲ. ಮರುದಿನ ಇದನ್ನೇ ಹೇಳಿದಾಗ ಮೇಷ್ಟ್ರು, "ಅದನ್ನೇ ನಾನು ಇವತ್ತು ಕಲಿಸುದು ಅಂತ ಇದ್ದೆ, ನಿಮ್ಮ ಅಪ್ಪ ಯಾವ ಬಂದರಿನವರು?" ಎಂದು ಕೇಳಿದರು.

ಉಪಾಯ ಗೊತ್ತಾದರೂ ಕೈಗೆ ಬರಲಿಲ್ಲ. ಮೂತಿಯನ್ನು ಓರೆಯಾಗಿ ಕಟ್ಟೆಯ ಕಡೆಗೆ ತರಬೇಕು, ಕಡೆಯ ಗಳಿಗೆಯಲ್ಲಿ ಹೊರಕ್ಕೆ ತಿರುಗಿಸಬೇಕು, ಒಂದೇ ಒಂದು ಗುಕ್ಕು ರಿವರ್ಸು ಕೊಡಬೇಕು. ಆಗ ಬೋಟು ನಿಲ್ಲುತ್ತದೆ, ಹಿಂಬದಿ ತಾನಾಗಿ ಬಲಕ್ಕೆ ಸರಿದು ಕಟ್ಟೆಗೆ ಒರಗುತ್ತದೆ. ಹೇಳುವಾಗ ಎಷ್ಟು ಸುಲಭ! ನಾನು ಹೆಚ್ಚು ಕೊಡುತ್ತಿದ್ದೆ, ಗಾಬರಿಯಾಗಿ ಎಳೆಯುತ್ತಿದ್ದೆ, ಮತ್ತೆ ಹೆಚ್ಚು ಕೊಡುತ್ತಿದ್ದೆ. ಬೋಟು ಕಟ್ಟೆಯ ಮುಂದೆ ಕುಡಿದವನಂತೆ ಒಲೆಯುತ್ತಿತ್ತು. ಏರಿಯ ಮೇಲೆ ದನ ಮೇಯಿಸುವವರು ಬಿಟ್ಟಿ ತಮಾಷೆ ನೋಡಲು ಕೂರುತ್ತಿದ್ದರು.

ಇದನ್ನು ಸರಿ ಮಾಡಿದ್ದು ನಮ್ಮ ಮಾಲೀಕರ ಪೂಜೆ. ಹೊಸ ಗಾಡಿಗೆ ಪೂಜೆ ಮಾಡದೆ ಅವರಿಗೆ ಸಮಾಧಾನವಿಲ್ಲ. ಒಂದು ಶುಕ್ರವಾರ ಬೋಟನ್ನು ಟ್ರೈಲರಿನ ಮೇಲೆ ತೊಳೆದು ನಿಲ್ಲಿಸಿದರು. ನಿಂಬೆಹಣ್ಣು ಎಲ್ಲಿಡಬೇಕೆಂಬುದೇ ದೊಡ್ಡ ಪ್ರಶ್ನೆಯಾಯಿತು, ಏಕೆಂದರೆ ಬೋಟಿಗೆ ಗಾಲಿಯಿಲ್ಲ. ಕೊನೆಗೆ ಟ್ರೈಲರಿನ ಗಾಲಿಯ ಕೆಳಗಿಟ್ಟು ಟ್ರಾಕ್ಟರಿನಿಂದ ಎಳೆಸಿದರು. ಇಂಜಿನ್ನಿನ ಮುಚ್ಚಳಕ್ಕೆ ಅರಿಶಿನ ಕುಂಕುಮ, ನೆಲಕ್ಕೆ ಬೂದುಗುಂಬಳ, ಮೂತಿಗೆ ತೋಳಿನಷ್ಟು ದಪ್ಪ ಚೆಂಡುಹೂವಿನ ಹಾರ. ಮೇಷ್ಟ್ರು ಹಾರ ಬೇಡ ಅಂದರು. ಮಾಲೀಕರು ತೆಲುಗಿನಲ್ಲಿ, "ಪೂಲು ಲೇಕುಂಡಾ ಪೂಜ ಏಂದಿ?" ಅಂದರು. ಹೂವಿಲ್ಲದ ಪೂಜೆ ಎಂಥದ್ದು ಎಂದು ನನಗೂ ಅನ್ನಿಸಿತು. ನಾನೇ ಗಂಟು ಬಿಗಿಮಾಡಿದೆ.

ಊರಿನ ಅರ್ಧ ಜನ ನೋಡುತ್ತಿರುವಾಗ ಕೆರೆ ಸುತ್ತಿ ಬರಲು ಹೊರಟೆವು. ಅಲೆಗೆ ಬಡಿದು ಬಡಿದು ಹಾರ ಕಿತ್ತು ಹೋಗಿ ನೀರಿಗೆ ಬಿತ್ತು. ಬಿದ್ದರೆ ಬೀಳಲಿ, ಗಂಗಮ್ಮನಿಗೆ ಸೇರಿತು ಅಂದುಕೊಂಡೆ. ವಾಪಸು ಬರುತ್ತ ಕಟ್ಟೆಯ ಹತ್ತಿರವಾಗುವಾಗ ಪೀಂ ಪೀಂ ಎಂದು ಏನೋ ಕೂಗತೊಡಗಿತು, ಕೆಂಪು ದೀಪ ಹತ್ತಿತು, ಸುಟ್ಟ ವಾಸನೆ ಬಂತು. "ಆಫ್! ಆಫ್ ಮಾಡಿ!" ಎಂದು ಮೇಷ್ಟ್ರು ಅರಚಿದರು. ಕೀ ತಿರುಗಿಸಿದೆ. ಆ ಇಂಜಿನು ಕೆರೆಯ ನೀರನ್ನೇ ಹೀರಿ ತಣ್ಣಗಾಗುವಂಥದ್ದು. ನೀರು ಹೀರುವ ತಳದ ಬಾಯಿಗೆ ನಮ್ಮ ಪೂಜೆಯ ಚೆಂಡುಹೂವು ತುಂಬಿಕೊಂಡಿತ್ತು.

ಇಂಜಿನು ನಿಂತಿತು, ಬೋಟು ನಿಲ್ಲಲಿಲ್ಲ. ಅದು ಮೆಲ್ಲಗೆ, ಸದ್ದಿಲ್ಲದೆ, ಕಟ್ಟೆಯ ಕಡೆಗೇ ಹೋಗುತ್ತಿತ್ತು. ನನಗೆ ಮಾಡಲು ಏನೂ ಉಳಿದಿರಲಿಲ್ಲ, ಸ್ಟೇರಿಂಗ್ ಬಿಟ್ಟು. ಸ್ವಲ್ಪ ಹೊರಕ್ಕೆ ತಿರುಗಿಸಿ ಹಿಡಿದೆ. ಬೋಟು ಇನ್ನೂ ನಿಧಾನವಾಯಿತು, ಪಕ್ಕಕ್ಕೆ ಹೊರಳಿತು, ಟಯರಿಗೆ ಮಗು ಮೈ ತಾಗಿಸಿದಷ್ಟು ಮೆತ್ತಗೆ ತಾಗಿ ನಿಂತಿತು. ಜನ ಚಪ್ಪಾಳೆ ತಟ್ಟಿದರು. ಮಾಲೀಕರಂತೂ ಎಲ್ಲ ನನ್ನ ಕೈಚಳಕವೆಂದುಕೊಂಡು, "ಶಭಾಷ್ ಅಮ್ಮಾ!" ಅಂದರು.

ಮೇಷ್ಟ್ರು ಹೂವಿನ ಎಸಳು ಬಿಡಿಸುತ್ತ ಹೇಳಿದರು: "ಇಷ್ಟು ದಿನ ನಿಮಗೆ ಇಂಜಿನೇ ತೊಂದರೆ ಆದದ್ದು, ನೋಡಿ."

ಅವರು ತಮಾಷೆಗೆ ಹೇಳಿದ್ದು. ಆದರೆ ನನಗೆ ಅಲ್ಲೇ ಬಾಗಿಲು ತೆರೆಯಿತು. ವ್ಯಾನಿನಲ್ಲಿ ಕೊನೆಯ ಗೇಣಿನವರೆಗೂ ನಾನೇ ಓಡಿಸುತ್ತಿದ್ದೆ. ಬೋಟನ್ನು ಹತ್ತು ಮಾರು ದೂರದಲ್ಲೇ ನ್ಯೂಟ್ರಲ್ಲಿಗೆ ಹಾಕಿ, ಉಳಿದದ್ದನ್ನು ಅದಕ್ಕೆ ಬಿಡಬೇಕು. ಕಡಿಮೆ ಬಿದ್ದರೆ ಒಂದು ಚಿಟಿಕೆ ಕೊಟ್ಟು ತಕ್ಷಣ ತೆಗೆಯಬೇಕು, ಸಾರಿಗೆ ಉಪ್ಪು ಹಾಕುವ ಹಾಗೆ. ನನ್ನಂಥ ಆತುರಗೇಡಿಗೆ ಇದು ಸಲೀಸಲ್ಲ. ಆದರೂ ಆ ವಾರ ಮೂರಕ್ಕೆ ಎರಡು ಸಲ ಕಟ್ಟೆಗೆ ಸರಿಯಾಗಿ ನಿಂತೆ.

ಆಗ ಮಾಲೀಕರ ಹತ್ತಿರ ಹೋಗಿ ಅಪ್ಪನ ವಿಷಯ ಕೇಳಿದೆ. ಅವರು ಒಳ್ಳೆಯವರೇ, ಆದರೆ ಬೋಟಿನ ಮೈ ಫೈಬರು, ತೂಬಿನ ಕಂಬ ಕಲ್ಲು. ಗಡ್ಡ ಕೆರೆದುಕೊಂಡು ಷರತ್ತು ಹಾಕಿದರು. ಕಟ್ಟೆಗೆ ಒಂದೂ ಗುದ್ದದೆ ಸತತ ಹತ್ತು ಸಲ ನಿಲ್ಲಿಸಿ ತೋರಿಸಬೇಕು, ಅವರ ಕಣ್ಣೆದುರಿಗೇ. ನಡುವೆ ಒಂದು ತಪ್ಪಿದರೂ ತೂಬಿನ ಮಾತು ಎತ್ತಬಾರದು.

"ಹತ್ತಾ ಸಾರ್?"

"ಹತ್ತೇ. ಮೆಲ್ಲಗ ಕಲ್ತ್ಕಮ್ಮಾ. ಸಂಕ್ರಾಂತಿ ಇನ್ನೂ ಐತಲ್ಲ."

ಅಪ್ಪ ಕೋಲೂರಿಕೊಂಡು ದಿನಾ ಏರಿಗೆ ಬರತೊಡಗಿದ. ಗಾಳಿಯ ಪಾಠ ಅವನದು. ಆ ಕಾಲದಲ್ಲಿ ಬೀಸುವುದು ಮೂಡಗಾಳಿ. ಬೆಳಗ್ಗೆ ಬಿಸಿಲು ಏರುವ ಮುಂಚೆ ತೂಬಿನ ಹತ್ತಿರ ನೀರು ಅಲ್ಲಾಡುವುದಿಲ್ಲ, ಆಮೇಲೆ ಗಾಳಿ ಏರಿಯುದ್ದಕ್ಕೂ ಹರಿದು ಕಂಬಗಳ ನಡುವೆ ನುಗ್ಗುತ್ತದೆ. ಗಾಳಿ ನಮ್ಮನ್ನು ಮುಟ್ಟುವ ಮುಂಚೆ ನೀರಿನ ಮೇಲೆ ಕಾಣುತ್ತದೆ ಎಂದು ತೋರಿಸಿಕೊಟ್ಟ. "ಅಗೋ ಅಲ್ಲಿ, ಕಪ್ಪಗೆ ಸುಕ್ಕು ಬತ್ತಾ ಐತಲ್ಲ, ಅದು ನಿನ್ನ ತಾವ ಬರಾಕೆ ಮುಂಚೆ ನೀನು ಮುಗಿಸ್ಬೇಕು." ನಾನು ಹೇಗೆ ಗೊತ್ತಾಯಿತು, ಯಾಕೆ ಅಲ್ಲೇ ಸುಕ್ಕು ಬರುತ್ತದೆ ಎಂದೆಲ್ಲ ಪೀಡಿಸುತ್ತಿದ್ದೆ. ಇಷ್ಟು ವರ್ಷ ಆ ಮನುಷ್ಯನ ಮನೆಯಲ್ಲಿ ಬೆಳೆದು ಇದನ್ನೆಲ್ಲ ಒಂದು ಸಲವೂ ಕೇಳಿರಲಿಲ್ಲವಲ್ಲ ಎಂದು ನಾಚಿಕೆಯಾಗುತ್ತಿತ್ತು.

ಹತ್ತರ ಪರೀಕ್ಷೆಯನ್ನು ಮಾಲೀಕರು ಸಂಕ್ರಾಂತಿಯ ಮುನ್ನಾದಿನದ ಭೋಗಿಗೆ ಒಂದು ದಿನ ಮುಂಚೆ ಇಟ್ಟರು. ಎಂಟಾಯಿತು, ಒಂಬತ್ತಾಯಿತು. ಒಂಬತ್ತಾದ ಮೇಲೆ ನನಗೆ ಹಳೆಯ ಕೊಬ್ಬು ನೆನಪಾಯಿತು. ಹತ್ತನೆಯದಕ್ಕೆ ಸ್ವಲ್ಪ ಜೋರಾಗಿಯೇ ಬಂದು, ಚೆಂದವಾಗಿ ನಿಲ್ಲಿಸಿ ತೋರಿಸೋಣವೆಂದು ಹೊರಟೆ. ಗುದ್ದಿದೆ. ಟಯರು ಕಿತ್ತು ನೀರಿಗೆ ಬಿತ್ತು. ನಾನು ತಲೆಯ ಮೇಲಿದ್ದ ಟೋಪಿಯನ್ನು ಕೆರೆಗೆ ಎಸೆದು, ಹೇಳಬಾರದ ಮಾತನ್ನೆಲ್ಲ ಬೋಟಿಗೆ ಹೇಳಿ, ಕಟ್ಟೆಯ ಮೇಲೆ ಕೂತು ಗೊಳೋ ಎಂದು ಅತ್ತೆ. ಅಪ್ಪ ಏರಿಯ ಮೇಲೆ ಕೋಲಿಗೆ ಗಲ್ಲ ಊರಿ ನೋಡುತ್ತಿದ್ದ. ಎದ್ದು ಮನೆಯ ಕಡೆ ಕುಂಟುತ್ತ ಹೊರಟ.

ಆ ಬೆನ್ನು ನೋಡಿಯೇ ಇರಬೇಕು, ಮಾಲೀಕರು ಮನಸ್ಸು ಸಡಿಲ ಮಾಡಿ, "ನಾಳೆ ಮಳ್ಳೀ, ಮತ್ತೆ ಮೊದಲಿಂದ," ಅಂದರು. ಮಾರನೇ ದಿನ ಮತ್ತೆ ಒಂದರಿಂದ ಶುರು ಮಾಡಿದೆ. ಹತ್ತೂ ಸಲ ಅಜ್ಜಿಯರು ನಡೆಯುವಷ್ಟು ನಿಧಾನವಾಗಿ ಬಂದೆ, ನೋಡುವವರಿಗೆ ಆಕಳಿಕೆ ಬರುವಷ್ಟು. ಹತ್ತೂ ಸರಿಹೋಯಿತು. ಮೇಷ್ಟ್ರು ಹಬ್ಬಕ್ಕೆ ಊರಿಗೆ ಹೊರಡುವ ಮುನ್ನ ನನ್ನ ಕೈ ಕುಲುಕಿ, "ಕಂಬದ ಹತ್ತಿರ ಸರಿ ಬರ್ಲಿಲ್ಲಾಂದ್ರೆ ಬಿಟ್ಟು ಹೊರಗೆ ಹೋಗಿ ಮತ್ತೆ ಬನ್ನಿ. ನಾಚಿಕೆ ಎಂತದ್ದೂ ಇಲ್ಲ" ಅಂದರು.

ತೂಬು ಎತ್ತುವ ದಿನ ಬಿಸಿಲು ಏರುವ ಮುಂಚೆಯೇ ಏರಿಯ ಮೇಲೆ ಪೂಜೆ ಮುಗಿಯಿತು. ಹಾರವನ್ನು ಬೋಟಿಗೆ ಹಾಕಗೊಡದೆ ಗಂಗಮ್ಮನ ಕಲ್ಲಿಗೇ ಹಾಕಿಸಿದೆ. ಬೋಟಿನ ಹೊಟ್ಟೆಯಲ್ಲಿ ನೀರು ತುಂಬುವ ದೊಡ್ಡ ಚೀಲಗಳಿವೆ. ಬೋಟು ಭಾರವಾದಷ್ಟೂ ಹಿಂದೆ ಏಳುವ ಅಲೆ ದೊಡ್ಡದಾಗುತ್ತದೆಂದು ಆಟದವರಿಗೆ ಮಾಡಿಟ್ಟದ್ದು. ಅವತ್ತು ಅವನ್ನೆಲ್ಲ ಅಪ್ಪನಿಗಾಗಿ ತುಂಬಿಸಿದೆ, ಅವನು ನಿಂತಾಗ ಬೋಟು ಅಲ್ಲಾಡದಿರಲಿ ಎಂದು. ಅಪ್ಪ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ಹಾಕಿಕೊಂಡು, ಕಮಾನಿನ ಕೊಳವೆ ಹಿಡಿದು, ಮದುವೆ ಗಂಡಿನ ಹಾಗೆ ಗಂಭೀರವಾಗಿ ನಿಂತ. ಅಣ್ಣ ಹರಿಗೋಲಿನಲ್ಲಿ ಸ್ವಲ್ಪ ದೂರದಲ್ಲಿದ್ದ, ಏನಾದರೂ ಆದರೆ ಎಂದು.

ಕಂಬಗಳ ಕಡೆಗೆ ಮೊದಲ ಸಲ ಹೋದಾಗ ಸುಕ್ಕು ನಮಗಿಂತ ಮುಂಚೆ ಬಂತು. ಮೂತಿ ತಪ್ಪಿತು. ಕಲ್ಲು ಒಂದು ಮಾರು ದೂರದಲ್ಲಿತ್ತು, ಏರಿಯ ಮೇಲೆ ಊರಿಗೂರೇ ನಿಂತಿತ್ತು. ಬಿಟ್ಟು ಹೊರಕ್ಕೆ ಬಂದೆ. "ಏನಾಯ್ತಮ್ಮಾ?" ಎಂದು ಯಾರೋ ಕೂಗಿದರು. ಸುತ್ತಿ ಬಂದು, ಮೊದಲೇ ನ್ಯೂಟ್ರಲ್ಲಿಗೆ ಹಾಕಿ, ಒಂದು ಚಿಟಿಕೆ ಕೊಟ್ಟು ತೆಗೆದು, ಹೊರಕ್ಕೆ ತಿರುಗಿಸಿ, ಒಂದು ಗುಕ್ಕು ರಿವರ್ಸು ಕೊಟ್ಟೆ. ಬೋಟು ನಿಂತಿತು. ಹಿಂಬದಿ ಬಲಕ್ಕೆ ಸರಿಯಿತು. ಪಕ್ಕಕ್ಕೆ ಕಟ್ಟಿದ್ದ ಟ್ಯೂಬುಗಳು ಕಲ್ಲಿಗೆ ಒತ್ತಿದವು. ಅಪ್ಪ ಕೈ ಚಾಚಿ ಕಂಬ ಹಿಡಿದ.

ಇಂಜಿನು ನಿಲ್ಲಿಸಿ, ಹಗ್ಗವನ್ನು ಕಂಬಕ್ಕೆ ಒಂದು ಸುತ್ತು ಹಾಕಿ ಎರಡೂ ಕೈಯಲ್ಲಿ ಬಿಗಿಯಾಗಿ ಎಳೆದು ಹಿಡಿದೆ. ಪಾಚಿಗೆ ಹಗ್ಗ ಜಾರುತ್ತಿತ್ತು. ಸ್ವಲ್ಪ ಸಡಿಲವಾದರೂ ಬೋಟು ಅಪ್ಪನ ಕಾಲಡಿಯಿಂದ ಸರಿದು, ಅವನು ಬೋಟಿಗೂ ಕಲ್ಲಿಗೂ ನಡುವೆ ಬೀಳುತ್ತಿದ್ದ. ಅಪ್ಪ ಸರಳಿಗೆ ಕೈಮುಗಿದು ಎಳೆದ. ಬರಲಿಲ್ಲ. ಮತ್ತೆ ಎಳೆದ. ಬಿರಡೆ ಹೂಳಿನಲ್ಲಿ ಕಚ್ಚಿಕೊಂಡಿತ್ತು. ಅವನ ಕತ್ತಿನ ನರ ಉಬ್ಬಿತು, ಕಾಲು ನಡುಗತೊಡಗಿತು. ನನಗೆ ಎದ್ದು ಹೋಗಿ ಕೈ ಕೊಡಬೇಕೆನ್ನಿಸಿತು. ನಾನು ಮಿಸುಕಾಡಿದ್ದು ಅವನಿಗೆ ಗೊತ್ತಾಯಿತು.

"ಬಿಡಬ್ಯಾಡ!" ಎಂದು ಗದರಿದ. "ನೀನು ಬೋಟು ಹಿಡ್ಕ. ಇದು ನಂದು."

ಹಿಡಿದುಕೊಂಡೇ ಇದ್ದೆ. ಅಪ್ಪ ಒದ್ದಾಡುವುದನ್ನು ಎರಡು ಮೊಳ ದೂರದಲ್ಲಿ ಕೂತು ನೋಡುತ್ತ, ಏನೂ ಮಾಡದೆ ಇರುವುದೇ ನನ್ನ ಕೆಲಸವಾಗಿತ್ತು. ಅಂಗೈ ಸುಲಿಯಿತು. ನಾಲ್ಕನೆಯ ಸಲಕ್ಕೆ ಸರಳು ಒಂದು ಗೇಣು ಮೇಲೆದ್ದಿತು, ತಳದಿಂದ ಗುಳುಗುಳು ಎಂದು ಗುಳ್ಳೆಗಳು ಬಂದವು. ಅಪ್ಪ ಇನ್ನೊಂದು ಗೇಣು ಎಳೆದು ಗೂಟ ಸಿಕ್ಕಿಸಿದ. ನೀರು ನಮ್ಮನ್ನು ಎಳೆಯುತ್ತದೇನೋ ಎಂದು ನಾನು ಹಗ್ಗ ಇನ್ನೂ ಬಿಗಿ ಮಾಡಿದೆ. ಏನೂ ಆಗಲಿಲ್ಲ.

"ಎಳಿಯಲ್ವಾ ಅಪ್ಪ?"

"ತಳದಾಗೆ ಹೋಯ್ತಾ ಐತೆ. ಮ್ಯಾಲಿನ ನೀರಿಗೆ ಗೊತ್ತೇ ಆಗಾಕಿಲ್ಲ."

ಸ್ವಲ್ಪ ಹೊತ್ತಿಗೆ ಏರಿಯ ಆಚೆ ಬದಿಯಿಂದ ಕೇಕೆ ಕೇಳಿಸಿತು. ಕಾಲುವೆಗೆ ನೀರು ಬಂದಿತ್ತು. ಅಪ್ಪ ಉಸಿರು ಬಿಡುತ್ತ, ಕಂಬಕ್ಕೆ ಒಂದು ಕೈ ಊರಿ ನಿಂತಿದ್ದ. ನನಗೆ ಎಷ್ಟು ಖುಷಿಯಾಗಿತ್ತೆಂದರೆ ಬಾಯಿ ನಿಲ್ಲಲಿಲ್ಲ. ಇನ್ನು ಪ್ರತಿ ವರ್ಷ ನಾನೇ ಕರೆದುಕೊಂಡು ಬರುತ್ತೇನೆ, ಈಜುವ ಕಷ್ಟವೇ ಇಲ್ಲ, ಹಿಂದೂಪುರದಿಂದ ಬಸ್ಸು ಹತ್ತಿ ಬಂದರಾಯಿತು, ಮಾಲೀಕರನ್ನು ನಾನು ಒಪ್ಪಿಸುತ್ತೇನೆ ಎಂದು ಒಂದೇ ಸಮನೆ ಹೇಳಿದೆ.

"ಬ್ಯಾಡ ಕಣಮ್ಮ," ಅಂದ ಅಪ್ಪ. "ಮುಂದಿನ ಸಲ ನಿಮ್ಮಣ್ಣ ಬತ್ತಾನೆ. ಇವತ್ತೇ ಹಿರೀಕರಿಗೆ ಹೇಳ್ಬುಡ್ತೀನಿ."

"ಮತ್ತೆ ಇಷ್ಟೆಲ್ಲ ಯಾಕಪ್ಪ? ಅವತ್ತೇ ಅವನಿಗೆ ಬಿಡಬೋದಾಗಿತ್ತಲ್ಲ!" ನನಗೆ ರೇಗಿತ್ತು.

ಅಪ್ಪ ಕಂಬದ ಕಡೆಗೇ ಮುಖ ಮಾಡಿ ಹೇಳಿದ. "ಹೋದ ಸಲ ಎತ್ತಿದಾಗ ಅದೇ ಕೊನೇದು ಅಂತ ನಂಗೆ ಗೊತ್ತಿರ್ಲಿಲ್ಲ. ಎಂದಿನ ಹಂಗೆ ಈಜ್ಕಂಡು ಬಂದೆ, ಗೂಟ ಸಿಕ್ಕಿಸ್ದೆ, ಎಂದಿನ ಹಂಗೆ ಹೊಂಟೋದೆ. ನಲವತ್ತು ವರ್ಷ ಇದ್ದ ಜಾಗ. ತಿರುಗಿ ಕೂಡ ನೋಡ್ಲಿಲ್ಲ ಕಣಮ್ಮ."

ಅಪ್ಪನ ಕೆಲಸವನ್ನು ಅಪ್ಪನಿಗೆ ವಾಪಸು ಕೊಡಿಸುತ್ತಿದ್ದೇನೆಂದು ಎರಡು ತಿಂಗಳು ನಾನು ನಂಬಿದ್ದೆ. ಅವನು ಬಂದದ್ದು ಅದನ್ನು ಬಿಡುವುದಕ್ಕೆ. ನನ್ನ ಸಿಟ್ಟು ಎಲ್ಲಿ ಹೋಯಿತೋ, ಕಣ್ಣು ತುಂಬಿ ಎದುರಿನ ಕಲ್ಲು ಕಾಣದಂತಾಯಿತು.

"ನಡಿ, ಹೊರಡಾನ," ಅಂದ.

ಕಣ್ಣೊರೆಸಿಕೊಂಡು ಇಂಜಿನು ಸ್ಟಾರ್ಟ್ ಮಾಡಿದೆ. ಹಗ್ಗ ಬಿಚ್ಚಿಕೊಂಡೆ. ಬೋಟು ಅಲ್ಲಾಡಲಿಲ್ಲ. ತಿರುಗಿ ನೋಡಿದರೆ ಅಪ್ಪನ ಕೈ ಇನ್ನೂ ಕಂಬವನ್ನು ಹಿಡಿದಿತ್ತು.

"ಕೈ ತೆಗಿ ಅಪ್ಪ."

"ತೆಗೀತೀನಿ ಇರು," ಅಂದ.

ಗೇರು ಹಾಕದೆ, ಅವನ ಕಡೆ ನೋಡದೆ, ನೀರಿನ ಕಡೆ ಮುಖ ಮಾಡಿ ಕೂತೆ.